ಅವರು ಸೊಸೆಯಾಗಿ ಬಾಳಿ ಬಂದದ್ದು

ನಮ್ಮ ಯಜಮಾನರು ಈ ರಜೆಯಲ್ಲಿ ಕಾಲಯಾನ ಹತ್ತಿ ಇನ್ನೂರು ವರ್ಷ ಹಿಂದಕ್ಕೆ ಹೋಗಿ, ಒಂದು ವಾರ ಹೆಂಗಸಾಗಿ, ಯಾರದೋ ಮನೆಯ ಸೊಸೆಯಾಗಿ ಬಾಳಿ ಬಂದರು. ಈಗ ಗಂಡಸರಲ್ಲಿ ಅದೇ ಷೋಕಿ. ಪಕ್ಕದ ಮನೆಯ ಶೇಷಗಿರಿಯವರು ಬಾಲವಿಧವೆಯಾಗಿದ್ದು ಬಂದು ಸನ್ಮಾನವನ್ನೂ ಮಾಡಿಸಿಕೊಂಡರು.

ಬಂದವರೇ ಊಟಕ್ಕೆ ಕೂತು ಕಣ್ಣೊರೆಸಿಕೊಂಡರು.

"ಗಂಡ ಉಂಡೆದ್ದ ಎಲೆಯಲ್ಲೇ ಉಣ್ಬೇಕಿತ್ತು ಕಣೇ ಸುಮಿತ್ರಾ. ಅವನು ಜಗಿದು ಬಿಟ್ಟ ನುಗ್ಗೆಕಾಯಿ ಸಿಪ್ಪೆ ಪಕ್ಕಕ್ಕೆ ಸರಿಸಿ ಅನ್ನ ಹಾಕ್ಕೋತಿದ್ದೆ. ನನ್ನ ಪಾಲಿಗೆ ಹುಳಿ ಒಂದು ದಿನಾನೂ ಉಳೀಲಿಲ್ಲ. ನಿಂಗಿದೆಯಾ ಅಂತ ಆ ಪ್ರಾಣಿ ಒಂದು ಸಲನಾದ್ರೂ ಕೇಳ್ಬೇಡ್ವಾ?"

"ಥೂ, ಎಂಥಾ ಗಂಡಸೋ," ಎಂದೆ.

"ಅಲ್ವಾ ಮತ್ತೆ? ಇನ್ನೊಂದು ಸೌಟು ಹುಳಿ ಹಾಕು."

ಪಾತ್ರೆಯ ತಳ ಕೆರೆದು ಬಡಿಸಿದೆ. ಸೌಟು ಪಾತ್ರೆಗೆ ತಾಗಿದ ಸದ್ದು ಅವರಿಗೆ ಕೇಳಿಸಲಿಲ್ಲ.

"ನಾಳೆ ಮಹಿಳಾ ಸಮಾಜದಲ್ಲಿ ಇದನ್ನೇ ಮಾತಾಡ್ತೀನಿ. ನೀನೂ ಬಾ. ಹೆಂಗಸರ ಕಷ್ಟ ಏನು ಅಂತ ನಿಮಗೂ ಗೊತ್ತಾಗ್ಬೇಕು," ಎಂದು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ನುಗ್ಗೆಕಾಯಿ ಸಿಪ್ಪೆ ತೇಲುತ್ತಿದ್ದ ಆ ತಟ್ಟೆಯನ್ನೆತ್ತಿ ಒಳಗಿಟ್ಟು, ನನ್ನ ಅನ್ನಕ್ಕೆ ಉಪ್ಪಿನಕಾಯಿ ಜಾಡಿ ಇಳಿಸಿಕೊಂಡೆ.