ಕಮಾನಿನ ಆಚೆ

ಸಾಸಿವೆ ಸಿಡಿಯುವ ಹೊತ್ತಿಗೆ ಸಾಕಮ್ಮನ ಕೆನ್ನೆಗೆ ಫಟಾರೆಂದು ಏಟು ಬಿತ್ತು. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚೌಡೇಶ್ವರಿ ಬಡಾವಣೆಯಲ್ಲಿ ಮನೆಗಳು ಅಗ್ಗವಾಗಿರುವುದೇ ಇದಕ್ಕೆ: ಇಲ್ಲಿ ಒಬ್ಬರಿಗೆ ಬಿದ್ದ ಏಟು ಎಲ್ಲರಿಗೂ ಬೀಳುತ್ತದೆ.

ಲಟ್ಟಣಿಗೆ ಹಿಡಿದು ಹೊರಬಂದರೆ, ಪಕ್ಕದ ಮನೆಯ ಜಬೀನಾ ಕೆನ್ನೆ ಉಜ್ಜುತ್ತ ನಿಂತಿದ್ದಳು.

“ಯಾರಕ್ಕಾ ಅದು?” ಎಂದಳು ಜಬೀನಾ.

“ಇನ್ಯಾರು, ಹೊಸ ಬಾಡಿಗೆಯವ್ನು. ಬಾಗ್ಲು ಹಾಕ್ಕೊಂಡು ಹೆಂಡ್ತಿಗೆ ಹೊಡೆದ್ರೆ ಗೊತ್ತಾಗಲ್ಲ ಅಂದ್ಕೊಂಡವ್ನೆ.”

ಬಡಾವಣೆಯ ಹೆಂಗಸರೆಲ್ಲ ಅವನ ಮನೆಗೆ ನುಗ್ಗಿದಾಗ ಅವನೂ ಕೆನ್ನೆ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದ. ಜಬೀನಾ ಕೈ ಎತ್ತಿದಳು.

“ಇಲ್ಲಿ ಬೇಡ ಕಣೇ, ನಮ್ಗೂ ಬೀಳ್ತದೆ,” ಎಂದಳು ಸಾಕಮ್ಮ.

ಅವನನ್ನು ದರದರ ಎಳೆದುಕೊಂಡು ಹೋದರು. ಅವನ ಮೊಣಕಾಲು ತರಚಿದಾಗ ಎಲ್ಲರೂ ಹಲ್ಲುಕಚ್ಚಿ ಸಹಿಸಿದರು. ಬಡಾವಣೆಯ ಕಮಾನು ದಾಟಿದ ಮೇಲೆ ಬಿದ್ದ ಮೊದಲ ಏಟಿಗೆ ಅವನೊಬ್ಬನೇ ಚೀರಿದ.

ಲಟ್ಟಣಿಗೆ ಈಗ ಅವನ ಹೆಂಡತಿಯ ಕೈಯಲ್ಲಿತ್ತು.