ಡಿಕ್ಕಿಯಲ್ಲಿ ಬಿಟ್ಟ ಜಾಗ

“ಇನ್ನೂ ಸ್ವಲ್ಪ ಬಲಕ್ಕೆ ತಳ್ಳು. ಹಾಂ, ಬದಿಗೆ ತಾಗಿತು, ಸಾಕು,” ಎಂದ ಚಂದ್ರಕಾಂತ, ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡು. ಹೆಂಡತಿ ಮನೋರಮಾ ರಟ್ಟಿನ ಪೆಟ್ಟಿಗೆಯನ್ನು ತಳ್ಳಿ ಕೈ ಒರೆಸಿಕೊಂಡಳು. ಹೊಸ ಫ್ರಿಜ್ಜು ಬಂದಿದ್ದ ರಟ್ಟನ್ನು ಕತ್ತರಿಸಿ, ಅಂಟಿಸಿ, ಭಾನುವಾರದ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟು ಅವನು ಮಾಡಿದ್ದ ನಮೂನೆ ಅದು. ಇದು ಸರಿಯಾಗಿ ಕೂತರೆ ಬಡಗಿ ನಾಳೆ ಇದೇ ಅಳತೆಗೆ ಪ್ಲೈವುಡ್ ಕೊಯ್ಯುತ್ತಾನೆ. ಅದರೊಳಗೆ ಹಾಡಿನ ದಪ್ಪ ಸದ್ದು ಹೊರಡಿಸುವ ದೊಡ್ಡ ಸ್ಪೀಕರು, ವೂಫರ್, ಕೂರುತ್ತದೆ.

ಚಂದ್ರಕಾಂತನ ಈ ಹುಚ್ಚು ಇಂದು ನಿನ್ನೆಯದಲ್ಲ. ದಿಲ್ಲಿಯಲ್ಲಿ ಅವರ ಮನೆಯಿದ್ದ ಪೀತಮ್‌ಪುರಕ್ಕೆ ಮೆಟ್ರೋ ಬಂದಿತ್ತು, ನಿಜ. ಅವನ ಆಫೀಸಿದ್ದ ಗ್ರೇಟರ್ ನೋಯ್ಡಾಕ್ಕೆ ಆಗಿನ್ನೂ ಬಂದಿರಲಿಲ್ಲ. ದಿನಾ ಹೋಗಿ ಬರುವುದರಲ್ಲಿ ಅರ್ಧ ಆಯುಷ್ಯ ಕಾರಿನಲ್ಲೇ. ಹಾಡು ಹಾಕಿದರೆ ಡೋಲಿನ ಗುಮ್ಮೆನ್ನುವ ಸದ್ದು ಎದೆಗೆ ಬಂದು ಬಡಿಯಬೇಕು, ನನಗಿರೋದು ಅದೊಂದೇ ಆಸೆ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದ. ಅದೊಂದೇ ಏನಲ್ಲ. ಇನ್ನೊಂದನ್ನು ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ಆಡುವುದನ್ನು ನಿಲ್ಲಿಸಿದ್ದರು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಹೋದ ತಿಂಗಳು ಡಾಕ್ಟರು, “ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ” ಎಂದುಬಿಟ್ಟಿದ್ದರು.

“ಈ ಕಿಂಡಿ ಯಾಕೆ?” ಮನೋರಮಾ ಪೆಟ್ಟಿಗೆಯ ಮುಂಭಾಗದ ಉದ್ದನೆಯ ಸೀಳಿನೊಳಗೆ ಬೆರಳು ತೂರಿಸಿದಳು.

“ಅದೇ ಪೋರ್ಟು. ವೂಫರ್ ಒಳಗೆ ತಳ್ಳೋ ಗಾಳಿ ಅಲ್ಲಿಂದ ಹೊರಗೆ ಬರುತ್ತೆ. ಪೂರ್ತಿ ಮುಚ್ಚಿದ ಪೆಟ್ಟಿಗೇಲೂ ಸದ್ದು ಬರುತ್ತೆ, ಆದರೆ ಗುಂಡಿಗೆ ನಡುಗಲ್ಲ. ಇದಕ್ಕೆ ಮಾತ್ರ ಒಳಗೆ ಜಾಗ ಧಾರಾಳವಾಗಿ ಬೇಕು. ಜಾಗ ಕಡಿಮೆಯಾದಷ್ಟೂ ಸದ್ದು ತೆಳ್ಳಗಾಗುತ್ತೆ.”

“ಮತ್ತೆ ಎಡಗಡೆ ಇಷ್ಟೊಂದು ಜಾಗ ಯಾಕೆ ಬಿಟ್ಟಿದ್ದೀರಿ?”

ಚಂದ್ರಕಾಂತ ಅಳತೆ ಟೇಪನ್ನು ಸುತ್ತತೊಡಗಿದ. “ತರಕಾರಿ ಚೀಲಕ್ಕೆ.”

“ತರಕಾರಿ ಹಿಂದಿನ ಸೀಟಲ್ಲಿ ತಾನೆ ಇಡೋದು?”

“ಅಕ್ಕಿ ಮೂಟೆಗೆ ಅಂತ ಇಟ್ಕೋ.” ಸುಳ್ಳು ಹೇಳುವುದರಲ್ಲಿ ಈ ಮನುಷ್ಯ ಎಂದೂ ಪಾಸಾದವನಲ್ಲ, ಆಗಲೇ ಕಿವಿ ಕೆಂಪಾಗಿತ್ತು.

ಮೇಲಿನ ಮನೆಯ ಆಂಟಿ ಬಾಲ್ಕನಿಯಿಂದ ಬಗ್ಗಿ, “ವಾಷಿಂಗ್ ಮೆಷೀನ್ ಲಾಯೇ ಕ್ಯಾ, ಭಾಯಿಸಾಬ್?” ಎಂದರು. “ನಹೀ ಆಂಟೀಜಿ, ಮ್ಯೂಸಿಕ್!” ಎಂದು ಅವನು ನಕ್ಕ. ಮನೋರಮಾ ನಗಲಿಲ್ಲ. ಡಿಕ್ಕಿಯೊಳಗೆ ಬಗ್ಗಿ ಆ ಖಾಲಿ ಜಾಗಕ್ಕೆ ಗೇಣು ಹಾಕಿದಳು. ಎರಡು ಗೇಣು, ನಾಲ್ಕು ಬೆರಳು.

ಅವಳ ಕೈ ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಅವಳು ಮಗುವನ್ನು ಕೂರಿಸಿ ತಳ್ಳುವ ಪ್ರಾಮ್ ಒಂದನ್ನು ಬಿಚ್ಚಿ, ಮಡಚಿ, ಮಡಚಿದ್ದನ್ನು ಹೀಗೇ ಅಳೆದಿದ್ದಳು. “ಎರಡು ಗೇಣು ನಾಲ್ಕು ಬೆರಳು. ನಮ್ಮ ಡಿಕ್ಕೀಲಿ ಹಿಡಿಯುತ್ತೆ ರೀ” ಎಂದಿದ್ದಳು. ಇವನು ಪಕ್ಕದಲ್ಲಿ ನಿಂತು ಮೊಬೈಲು ಒತ್ತುತ್ತಿದ್ದ. ಕೇಳಿಸಿಕೊಂಡೇ ಇಲ್ಲ ಎಂದು ಅವಳು ಆವತ್ತು ಮುನಿಸಿಕೊಂಡಿದ್ದಳು.

“ನನ್ನ ಗೇಣು ಎಷ್ಟು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ನೀನು ನಿದ್ದೆ ಮಾಡ್ತಿದ್ದಾಗ ಬೆರಳು ಬಿಡಿಸಿ ಟೇಪು ಹಿಡಿದೆ.”

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. “ಡಾಕ್ಟರು ಹೇಳಿದ್ದು ನಿಮಗೂ ಕೇಳಿಸ್ತು ತಾನೆ? ಯಾಕ್ರೀ ಹೀಗೆ ಹೊಟ್ಟೆ ಉರಿಸ್ತೀರಾ? ಇದೊಂದಾದರೂ ನಿಮ್ಮ ಮನಸ್ಸಿಗೆ ಬಂದ ಹಾಗೆ ಆಗಲಿ. ಮುಚ್ಚಿಬಿಡಿ ಆ ಜಾಗಾನ!” ಎನ್ನುತ್ತಾ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಎಳೆದಳು. ಅದು ಕಿರ್ರೆಂದು ಜರುಗಿ ಎಡಬದಿಗೆ ತಾಗಿ ನಿಂತಿತು.

“ಸದ್ದು ತೆಳ್ಳಗಿದ್ದರೂ ನಡೆಯುತ್ತೆ ಕಣೇ,” ಎಂದ ಚಂದ್ರಕಾಂತ, ಮೆಲ್ಲಗೆ. “ಆ ಜಾಗ ತುಂಬಿಬಿಟ್ಟರೆ ಈ ಕಾರು ಓಡಿಸೋಕೆ ನನ್ನಿಂದ ಆಗಲ್ಲ.”

ಮನೋರಮಾ ಡಿಕ್ಕಿಯೊಳಗೆ ನೋಡಿದಳು. ಎಡಗಡೆ ಮುಚ್ಚಿದ್ದ ಜಾಗ ಅಷ್ಟೂ ಈಗ ಬಲಗಡೆಗೆ ಬಂದು ಕೂತಿತ್ತು. ಪೆಟ್ಟಿಗೆಯನ್ನು ಮೊದಲಿದ್ದ ಕಡೆಗೇ ಸರಿಸಲು ಅವನು ಕೈ ಹಾಕಿದ. ಅವಳು ಆ ಕೈ ಹಿಡಿದಳು.

“ಬೇಡ, ಹೀಗೇ ಇರಲಿ. ಜಾಗ ಬಲಗಡೆಗೇ ಇರಲಿ,” ಎಂದಳು. “ಪ್ರಾಮ್ ಎತ್ತಿಡೋಳು ನಾನು ತಾನೆ? ಎಡಗೈಯಲ್ಲಿ ಮಗು ಇರುತ್ತಲ್ಲ.”