ಹಸಿರು ಪಟ್ಟಿ

"ಈಗಲಾದ್ರೂ ಒಳಗೆ ಹೋಗಿ ಸಿಸ್ಟರ್," ಎಂದ ಆಂಬುಲೆನ್ಸ್ ಚಾಲಕ. "ಮೇಡಮ್ ಇನ್ನೇನು ಹೊರಡ್ತಾರೆ. ನಾಳೆಯಿಂದ ಬರೋದಿಲ್ಲ."

ಸೇತುವೆ ಕುಸಿದ ಮೇಲೆ, ಗಾಯಾಳುಗಳನ್ನು ಹೊತ್ತು ತಂದ ಸಿಬ್ಬಂದಿಯ ಸಂಕಟ ಕೇಳಲೆಂದು ಆಸ್ಪತ್ರೆಯವರು ಒಬ್ಬ ಸಮಾಲೋಚಕಿಯನ್ನು ಕರೆಸಿದ್ದರು. ನರ್ಸ್ ಬೆಳಗಿನಿಂದ ಆ ಬಾಗಿಲ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ತನ್ನ ಸರದಿ ಬಂದಾಗಲೆಲ್ಲ ಇನ್ನೊಬ್ಬರನ್ನು ಒಳಗೆ ದಬ್ಬುತ್ತಿದ್ದಳು. ಸ್ಟ್ರೆಚರ್ ಹೊರುವವನು ಹೋಗಿ ಬಂದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅಳುತ್ತಿದ್ದ ಕಿರಿಯ ಡಾಕ್ಟರನ್ನೂ ಅವಳೇ ಹುಡುಕಿ ತಂದಳು. ಬೇರೆಯವರ ನೋವು ಹುಡುಕುವುದರಲ್ಲಿ ಅವಳದು ಹದ್ದಿನ ಕಣ್ಣು. ತನಗೇ ರಾತ್ರಿ ನಿದ್ದೆ ಹತ್ತುತ್ತಿಲ್ಲವೆಂಬುದು ಮಾತ್ರ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ.

"ನನಗೇನಾಗಿದೆ ಅಣ್ಣ? ಗುಂಡುಕಲ್ಲಿನ ಹಾಗಿದೀನಿ. ನಡ್ಕೊಂಡೇ ಬಂದಿದೀನಲ್ಲ, ನಂದು ಹಸಿರು ಪಟ್ಟಿ."

ದುರಂತದ ಜಾಗದಲ್ಲಿ ಗಾಯಾಳುಗಳ ಕೈಗೆ ಬಣ್ಣದ ಪಟ್ಟಿ ಕಟ್ಟಿದವಳು ಅವಳೇ. ಉಸಿರಿಗೆ ಒದ್ದಾಡುವವರಿಗೆ ಕೆಂಪು, ಅವರು ಮೊದಲು ಗಾಡಿಗೆ. ಎದ್ದು ನಡೆಯಬಲ್ಲವರಿಗೆ ಹಸಿರು, ಅವರು ಕೊನೆಗೆ.

ಚಾಲಕ ಬೆಂಚಿನಲ್ಲಿ ಅವಳ ಪಕ್ಕ ಕೂತ. ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಇವತ್ತೂ ನುಂಗಿದರೆ ಈ ಹುಡುಗಿ ಕೈತಪ್ಪಿ ಹೋಗುತ್ತಾಳೆ ಎನ್ನಿಸಿತು.

"ಕನ್ನಡಕದ ಅಜ್ಜ ನೆನಪಿದಾರಾ? ಹಸಿರು ಕಟ್ಟಿ, ಮರದ ಕೆಳಗೆ ಕೂರೋಕೆ ಹೇಳಿದ್ರಲ್ಲ?"

"ಹೂಂ. ಮಗ ಬಂದು ಮನೆಗೆ ಕರ್ಕೊಂಡು ಹೋದ ಅಂದ್ರಿ."

"ಸುಳ್ಳು ಹೇಳಿದ್ದೆ ಅಮ್ಮ. ಮೈ ಮೇಲೆ ತರಚಿದ ಗಾಯವೂ ಇರ್ಲಿಲ್ಲ, ಒಳಗೇ ರಕ್ತ ಸೋರ್ತಿತ್ತಂತೆ. ನಿಮ್ಮ ತಪ್ಪು ಅಂತಲ್ಲ. ನಡೀತಿದ್ದಾರೆ ಅಂದ ಮಾತ್ರಕ್ಕೆ ಉಳೀತಾರೆ ಅಂತೇನಿಲ್ಲ, ಅಷ್ಟೇ."

ಅವಳು ಅವನತ್ತ ತಿರುಗಿದಳು.

"ಜೀವ ಹೋಗುವಾಗ ಒಬ್ಬರೇ ಇದ್ರಾ, ಪಾಪ?"

"ಇಲ್ಲ. ತಲೆ ನನ್ನ ತೊಡೆ ಮೇಲಿತ್ತು."

ಅವನ ಗದ್ದ ಅದುರುತ್ತಿತ್ತು. ಇದನ್ನು ಅವನು ಯಾರ ಹತ್ತಿರವೂ, ಹೆಂಡತಿಯ ಹತ್ತಿರವೂ, ಹೇಳಿಕೊಂಡಿಲ್ಲವೆಂದು ಅವಳಿಗೆ ತಿಳಿದುಹೋಯಿತು.

ಬಾಗಿಲು ತೆರೆಯಿತು. ಸಮಾಲೋಚಕಿ ಗಡಿಯಾರ ನೋಡಿಕೊಂಡರು. "ಇನ್ನೊಬ್ಬರಿಗಷ್ಟೇ ಸಮಯ ಇದೆ. ಯಾರು ಬರ್ತೀರಿ?"

ನರ್ಸ್ ಎದ್ದಳು. ಬೇಡ ಬೇಡವೆನ್ನುತ್ತಿದ್ದ ಚಾಲಕನ ತೋಳು ಹಿಡಿದು ಎಬ್ಬಿಸಿ ಒಳಕ್ಕೆ ದಬ್ಬಿದಳು.

"ಮೊದಲು ಇವರನ್ನ ನೋಡಿ ಮೇಡಮ್," ಎಂದಳು. "ನಾನು ಆಮೇಲೆ ಬರ್ತೀನಿ."